ಕಾಲು ತಾಗಿದರೆ ಒಂದು

ಸೂಜಿಯಕ್ಕ ಆ ಹಳೇ ಬೈಕನ್ನು ಜೋಡಿಸಿದ್ದು ಪ್ರೀತಿಯಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲಾಮೇಲೆ ಜನ ಆ ಸಂಗತಿಗೆ ರೆಕ್ಕೆಪುಕ್ಕ ಕಟ್ಟಿ, ಗಂಡನ ಅರ್ಧಕ್ಕೆ ನಿಂತ ಕನಸನ್ನು ಹೆಂಡತಿ ಪೂರ್ತಿ ಮಾಡಿದಳು ಎಂದೆಲ್ಲ ಆಡಿಕೊಂಡರು. ನಡೆದದ್ದು ಅಷ್ಟು ಚೆಂದದ್ದಲ್ಲ. ಬಿಚ್ಚಿಹಾಕಿದ ಬೈಕು ಅವರ ಮನೆಯ ಮುಂದಿನ ಕೋಣೆಯನ್ನೂ ಅಡುಗೆಮನೆಗೆ ಹೋಗುವ ಪ್ಯಾಸೇಜನ್ನೂ ತುಂಬಿಕೊಂಡಿತ್ತು. ಗಂಡನ ವಾಕರ್ ಅದರ ನಡುವೆ ತೂರುತ್ತಿರಲಿಲ್ಲ. ಅಷ್ಟೇ.

ನನ್ನ ಫೋಟೋ ಫ್ರೇಮ್ ಅಂಗಡಿಗೂ ಅವರ ಹೊಲಿಗೆ ಮಷಿನ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ತೆಳು ಗೋಡೆ. ನಾನು ಮೊಳೆ ಹೊಡೆದರೆ ಆ ಕಡೆ ಅವರ ಬಾಬಿನ್‌ಗಳು ಉರುಳುತ್ತವೆ. ಅವರು ಮಷಿನ್ ಓಡಿಸಿ ನೋಡುವಾಗ ಈ ಕಡೆ ನನ್ನ ಗಾಜುಗಳು ಗುಂಯ್ ಅನ್ನುತ್ತವೆ. ಸೂಜಿಯಕ್ಕ ಎಂಬ ಹೆಸರು ಅವರಿಗೆ ಬಂದದ್ದು ಮಷಿನ್ನಿನ ಸೂಜಿಯಿಂದಲೋ ಅವರ ನಾಲಿಗೆಯಿಂದಲೋ ಎಂಬ ವಿಚಾರದಲ್ಲಿ ನಮ್ಮ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. "ಹೊಲಿಗೆ ತಪ್ತಿದೆ ಅಕ್ಕ" ಎಂದು ಯಾರಾದರೂ ಮಷಿನ್ ತಂದಿಟ್ಟರೆ, "ತಪ್ಪು ಮಷಿನ್‌ದೋ ನಿಮ್ದೋ, ಮೊದಲು ಅದನ್ನ ನೋಡೋಣ" ಎನ್ನುವ ಹೆಂಗಸು. ನಲವತ್ತು ದಾಟಿ ಐವತ್ತರ ಹತ್ತಿರ ಬಂದವರು. ಮಕ್ಕಳಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ ಮನುಷ್ಯ.

ಗಂಡನಿಗೆ ಸ್ನೇಹಿತರು ಇಟ್ಟ ಹೆಸರು ಆಮೆ. ನಾವೆಲ್ಲ ಎದುರಿಗೇ ಹಾಗೆ ಕರೆಯುತ್ತಿದ್ದೆವು, ಅವರೂ 'ಓ' ಎನ್ನುತ್ತಿದ್ದರು. ಅದಕ್ಕೆ ಕಾರಣ ಅವರ ಹುಚ್ಚು. ಆಮೆಗೆ ಟ್ರಯಲ್ಸ್ ಹುಚ್ಚು. ಟ್ರಯಲ್ಸ್ ಅಂದರೆ ಬೈಕ್ ರೇಸ್ ಅಲ್ಲ. ವೇಗಕ್ಕೆ ಅಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ. ಬಂಡೆ, ಕೆಸರು, ತೊರೆ, ಮರದ ಬೇರು ಇರುವ ಜಾಗ ಹುಡುಕಿ, ಎರಡೂ ಬದಿಗೆ ಬಣ್ಣದ ಬಾವುಟ ನೆಟ್ಟು ಒಂದು ತುಂಡು ದಾರಿಯನ್ನು ಗುರುತು ಮಾಡುತ್ತಾರೆ. ಅದಕ್ಕೆ ಸೆಕ್ಷನ್ ಎಂದು ಹೆಸರು. ನೆಲಕ್ಕೆ ಕಾಲು ತಾಗಿಸದೆ ಅದನ್ನು ದಾಟಬೇಕು. ಒಮ್ಮೆ ಕಾಲು ತಾಗಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ತಾಗಿದರೂ ಮೂರು. ನಿಂತುಹೋದರೆ ಅಥವಾ ಬಿದ್ದರೆ ಐದು. ಕೊನೆಗೆ ಯಾರ ಅಂಕ ಕಡಿಮೆಯೋ ಅವರು ಗೆದ್ದ ಹಾಗೆ. "ಶಾಲೆಯಲ್ಲಿ ನಾನು ತಗೊಂಡ ಸೊನ್ನೆಗೆಲ್ಲ ಇಲ್ಲಿ ಬಹುಮಾನ ಕೊಡ್ತಾರೆ ಕಣ್ರೋ" ಎಂದು ಆಮೆ ಹೇಳುತ್ತಿದ್ದರು. ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಅವರ ಕ್ಲಬ್ಬು ಸೇರುತ್ತಿತ್ತು. ಹಳೇ ಬ್ರಿಟಿಷ್ ಬೈಕುಗಳಿಗೆ ಮಾತ್ರ ಪ್ರವೇಶ. ಸದಸ್ಯರೂ ಬೈಕುಗಳಷ್ಟೇ ಹಳಬರು.

ಆಮೆ ತಮ್ಮ ಮ್ಯಾಚ್‌ಲೆಸ್ ಬೈಕನ್ನು ಯಾವುದೋ ಮರದ ಮಿಲ್ಲಿನ ಹಿಂದೆ, ಹುಲ್ಲಿನೊಳಗೆ ಮಲಗಿದ್ದದ್ದನ್ನು ಎತ್ತಿಕೊಂಡು ಬಂದಿದ್ದರು. ಒಂಟಿ ಸಿಲಿಂಡರಿನದು, ವಯಸ್ಸಿನಲ್ಲಿ ಅವರಿಗಿಂತ ಹಿರಿದು. ಸೈಲೆನ್ಸರಿನಲ್ಲಿ ಕಣಜ ಗೂಡು ಕಟ್ಟಿತ್ತು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕಲ್ಲಾಗಿತ್ತು. ಅದನ್ನು ಮೊಳೆಯಷ್ಟೂ ಬಿಡದೆ ಬಿಚ್ಚಿ, ಸಿಲಿಂಡರನ್ನು ಲೇತಿನವರ ಹತ್ತಿರ ಕೊರೆಸಿ, ಚಕ್ರಗಳಿಗೆ ಹೊಸ ಕಡ್ಡಿ ಹಾಕಿಸಿ, ಕಿಡಿ ಕೊಡುವ ಮ್ಯಾಗ್ನೆಟೋಗೆ ಹೊಸದಾಗಿ ತಂತಿ ಸುತ್ತಿಸಿ ಸಿದ್ಧ ಮಾಡಿದ್ದರು. ಜೋಡಿಸುವುದೊಂದು ಬಾಕಿ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಅವರು ನೆಲದ ಮೇಲೆ ಕೂತು, ಇಂಜಿನ್ ಸಂದಿಗೆ ಹಾಕುವ ಗ್ಯಾಸ್ಕೆಟ್ ಹಾಳೆ ಕತ್ತರಿಸುತ್ತಿದ್ದರು. "ಸ್ಪ್ಯಾನರ್ ಎಲ್ಲಿ ಹೋಯ್ತು?" ಎಂದರು. ಸೂಜಿಯಕ್ಕ ಅಡುಗೆಮನೆಯಿಂದ ಇಣುಕಿ, "ಕೈಯಲ್ಲೇ ಇದೆಯಲ್ರೀ" ಎಂದರು. ನಿಜಕ್ಕೂ ಅದು ಅವರ ಎಡಗೈಯಲ್ಲಿತ್ತು. ಆಮೆ ಆ ಕೈಯನ್ನು ನೋಡಿದರು, ಬೇರೆ ಯಾರೋ ಮರೆತು ಬಿಟ್ಟುಹೋದ ಕೈ ಅನ್ನುವ ಹಾಗೆ. ಆಮೇಲೆ ನಕ್ಕರು. ನಗು ಮುಖದ ಒಂದು ಬದಿಗೆ ಮಾತ್ರ ಬಂತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಸೂಜಿಯಕ್ಕನೂ ನಕ್ಕರಂತೆ.

ಆಸ್ಪತ್ರೆಯಿಂದ ವಾಪಸ್ ಬಂದಾಗ ಆಮೆಯ ಎಡಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಎಡಗಾಲು ಎಳೆಯುತ್ತಿತ್ತು. ಮಾತು ಸ್ವಲ್ಪ ತೊದಲಿದರೂ ಅರ್ಥವಾಗುತ್ತಿತ್ತು. ಆದರೆ ಆಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ದಿನವಿಡೀ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಹೊರಗೂ ನೋಡದೆ ಒಳಗೂ ನೋಡದೆ ಇರುತ್ತಿದ್ದರು. ಸ್ನೇಹಿತರು ಬಂದರೆ 'ಹೂಂ', ಹೋದರೆ 'ಹೂಂ'.

ಸೂಜಿಯಕ್ಕ ಮಾತ್ರ ಅಂಗಡಿಗೆ ಬಂದರು. ಎಂದಿನಂತೆ ಶಟರ್ ಎತ್ತಿದರು, ಎಂದಿನಂತೆ ಮಷಿನ್ನುಗಳ ಹೊಟ್ಟೆ ಬಗೆದರು. ಬೀದಿಯವರೆಲ್ಲ "ಗಟ್ಟಿಗಿತ್ತಿ ಕಣ್ರೀ" ಎಂದು ಹೊಗಳಿದರು. ಪಕ್ಕದಲ್ಲಿದ್ದ ನನಗೆ ಅದು ಗಟ್ಟಿತನ ಎಂದು ಅನ್ನಿಸಲಿಲ್ಲ. ಅವರು ಗಿರಾಕಿಗಳನ್ನು ಬೈಯುವುದನ್ನು ಬಿಟ್ಟಿದ್ದರು. ಒಂದು ದಿನ ತಂತಿಗೆ ಬೆಸುಗೆ ಹಾಕುತ್ತಿದ್ದವರ ಕಡೆಯಿಂದ ಏನೋ ಸುಟ್ಟ ವಾಸನೆ ಬಂತು ಎಂದು ಹೋಗಿ ನೋಡಿದೆ. ಬೆಸುಗೆ ಕಡ್ಡಿ ಅವರ ಹೆಬ್ಬೆರಳಿಗೆ ಒತ್ತಿಕೊಂಡಿತ್ತು.

"ಅಕ್ಕ, ಬೆರಳು!" ಎಂದೆ.

"ಹೌದಲ್ಲ" ಎಂದರು, ಗಡಿಯಾರ ನಿಂತಿದೆ ಎಂದು ಯಾರೋ ಹೇಳಿದ ಹಾಗೆ.

ಆಮೆಯ ತಂಗಿ, ಅಂದರೆ ಸೂಜಿಯಕ್ಕನ ನಾದಿನಿ, ಎರಡು ಬೀದಿ ಆಚೆ ಇದ್ದರು. ಹಗಲು ಹೊತ್ತು ಅಣ್ಣನನ್ನು ನೋಡಿಕೊಳ್ಳುವುದಕ್ಕೆ ಅವರೇ ಬರುತ್ತಿದ್ದರು. ಒಳ್ಳೆಯ ಹೆಂಗಸು, ಕಣ್ಣಲ್ಲಿ ನೀರು ತುಂಬಿಕೊಂಡೇ ಓಡಾಡುವವರು. "ಒಂದ್ಸಲ ಅತ್ಬಿಡಿ ಅತ್ತಿಗೆ. ಎದೆ ಹಗುರ ಆಗುತ್ತೆ" ಎಂದು ದಿನಾ ಹೇಳುತ್ತಿದ್ದರು.

"ಬರಲ್ಲ ಕಣೇ. ಬಂದಾಗ ಹೇಳ್ತೀನಿ" ಎಂದು ಸೂಜಿಯಕ್ಕ ಪಾತ್ರೆ ತೊಳೆಯುತ್ತಿದ್ದರು.

ಹೀಗಿರುವಾಗ ಫಿಸಿಯೋ ಮೇಡಮ್ ಒಂದು ಮಾತು ಹೇಳಿದರು. ದಿನಾ ಬಾಗಿಲಿಂದ ಹಿತ್ತಿಲವರೆಗೆ ವಾಕರ್ ಹಿಡಿದು ನಡೆಯದಿದ್ದರೆ ಕಾಲು ಪೂರ್ತಿ ಕೈಕೊಡುತ್ತದೆ. ನಡೆಯಲು ಜಾಗ ಎಲ್ಲಿ? ಕೋಣೆಯಲ್ಲಿ ಪೇಪರಿನ ಮೇಲೆ ಇಂಜಿನ್ ಚಿಪ್ಪುಗಳು, ಪ್ಯಾಸೇಜಿನಲ್ಲಿ ಗೋಡೆಗೊರಗಿದ ಫ್ರೇಮು, ಮಂಚದ ಕೆಳಗೆ ಚಕ್ರ, ನಡುವೆಲ್ಲ ನಟ್ಟು ಬೋಲ್ಟು ತುಂಬಿದ ಡಬ್ಬಗಳು.

"ಏನ್ಮಾಡೋಣ ಇದನ್ನ?" ಎಂದು ಸೂಜಿಯಕ್ಕ ಗಂಡನನ್ನು ಕೇಳಿದರು.

"ಮಾರಿಬಿಡು" ಎಂದರು ಆಮೆ. ಆ ಡಬ್ಬಗಳ ಕಡೆ ತಿರುಗಿಯೂ ನೋಡಲಿಲ್ಲ.

ಹಳೇ ಬೈಕಿನ ವ್ಯಾಪಾರಿಯೊಬ್ಬ ಬಂದ. ಟ್ಯಾಂಕ್ ತಟ್ಟಿ ನೋಡಿದ, ಗೇರ್‌ಬಾಕ್ಸನ್ನು ಮಗುವಿನ ಹಾಗೆ ಎತ್ತಿಕೊಂಡ. ಇವೆರಡು ಮತ್ತು ಮ್ಯಾಗ್ನೆಟೋ ಸಾಕು, ಮಿಕ್ಕಿದ್ದು ಬೇಡ ಎಂದ.

"ಮಿಕ್ಕಿದ್ದನ್ನ ನಾನೇನ್ ತಲೆ ಮೇಲೆ ಹೊತ್ಕೊಳ್ಲಾ? ತಗೊಂಡ್ರೆ ಎಲ್ಲಾ ತಗೊಳ್ಳಿ."

"ಜೋಡಿಸಿ ಓಡೋ ಸ್ಥಿತೀಲಿದ್ರೆ ಹಾಗೇ ತಗೋತಿದ್ದೆ ಅಮ್ಮಾ. ಚೂರು ಚೂರಾಗಿದ್ದರೆ ಕಷ್ಟ."

ಅವನು ಹೋದ ಮೇಲೆ ಸೂಜಿಯಕ್ಕ ಬಾಗಿಲಲ್ಲಿ ನಿಂತು ಪ್ಯಾಸೇಜನ್ನೇ ನೋಡಿದರಂತೆ. ಮರುದಿನ ನನಗೆ ಹೇಳಿದರು: "ಜೋಡಿಸಿದ ಬೈಕನ್ನ ತಳ್ಳಿ ಶೆಡ್ಡಿಗೆ ಹಾಕಬಹುದು ಫ್ರೇಮಣ್ಣ. ಬಿಚ್ಚಿದ ಬೈಕನ್ನ ತಳ್ಳಕ್ಕೆ ಎಲ್ಲಿ ಕೈ ಹಾಕೋದು?"

ಹೀಗೆ ಶುರುವಾಯಿತು. ಮೊದಲ ಅಡ್ಡಿ ಸ್ಪ್ಯಾನರಿನದು. ಆ ಕಾಲದ ಬ್ರಿಟಿಷ್ ಬೋಲ್ಟುಗಳಿಗೆ ಈಗಿನ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ, ಇಂಚಿನದೂ ಕೂರುವುದಿಲ್ಲ. ಆಮೆಯ ಸ್ಪ್ಯಾನರ್ ಸೆಟ್ಟಿನಲ್ಲಿ ಅರ್ಧ ಎಲ್ಲಿ ಹೋಗಿತ್ತೋ, ಕೇಳಿದರೆ "ಗೊತ್ತಿಲ್ಲ" ಎಂದರು. ಕ್ಲಬ್ಬಿನ ಹಿರಿಯರಾದ ಡ್ರಾಯಿಂಗ್ ಮೇಷ್ಟ್ರು ತಮ್ಮ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಶಾಲೆಯಿಂದ ನಿವೃತ್ತರಾದ ಮೇಲೂ ಕಿವಿ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಅಭ್ಯಾಸ ಬಿಡದ ಮನುಷ್ಯ.

"ನಾನೇ ಜೋಡಿಸಿಕೊಡ್ತೀನಮ್ಮಾ" ಎಂದರು.

"ನಿಮ್ಮದನ್ನ ನೀವು ಜೋಡಿಸಕ್ಕೆ ಶುರು ಮಾಡಿ ಎಷ್ಟು ವರ್ಷ ಆಯ್ತು ಮೇಷ್ಟ್ರೇ?"

ಮೇಷ್ಟ್ರು ಬಟ್ಟೆ ಬಿಚ್ಚಿ ಸ್ಪ್ಯಾನರ್‌ಗಳನ್ನು ಅವರ ಮುಂದೆ ಇಟ್ಟರು.

ಸಂಜೆ ಅಂಗಡಿ ಮುಚ್ಚಿ ಬಂದು, ಗಂಡನಿಗೆ ಊಟ ಕೊಟ್ಟು, ಸೂಜಿಯಕ್ಕ ನೆಲಕ್ಕೆ ಕೂರುತ್ತಿದ್ದರು. ಕೆಲಸದಲ್ಲಿ ಅವಸರವೂ ಇರಲಿಲ್ಲ, ಉತ್ಸಾಹವೂ ಇರಲಿಲ್ಲ. ಬಟಾಣಿ ಸುಲಿಯುವ ಹಾಗೆ ಒಂದೊಂದೇ ಡಬ್ಬ ಖಾಲಿ ಮಾಡುತ್ತಾ ಹೋದರು. ತಪ್ಪುಗಳು ಬೇಕಾದಷ್ಟಾದವು. ಕ್ಲಚ್ಚಿನ ತಟ್ಟೆಗಳನ್ನು ಹಿಂದುಮುಂದಾಗಿ ಹಾಕಿ ಮತ್ತೆ ಬಿಚ್ಚಿದರು. ಒಂದು ಚಿಕ್ಕ ವಾಷರ್ ಉಳಿದುಕೊಂಡಿತು, ಅದು ಎಲ್ಲಿಯದು ಎಂದು ಮೇಷ್ಟ್ರಿಗೂ ತಿಳಿಯಲಿಲ್ಲ. ಅರ್ಧ ಇಂಜಿನ್ ಬಿಚ್ಚಿ ಹುಡುಕಿದ ಮೇಲೆ, ಅದು ಬಾಗಿಲ ಚಿಲಕದ್ದು ಎಂದು ನಾದಿನಿ ಕಂಡುಹಿಡಿದರು. ಅವತ್ತು ನಾವೆಲ್ಲ ನಕ್ಕೆವು. ಕುರ್ಚಿಯಲ್ಲಿದ್ದ ಆಮೆ ನಗಲಿಲ್ಲ, ಸೂಜಿಯಕ್ಕನೂ ನಗಲಿಲ್ಲ. ಅವರಿಬ್ಬರ ಆ ಎರಡು ಮುಖ ನೋಡಿ ನಮ್ಮ ನಗು ತಾನಾಗಿ ನಿಂತಿತು.

ಜೋಡಿಸಿದ ಬೈಕನ್ನು ಅಂಗಳಕ್ಕೆ ತಳ್ಳಿದ ದಿನ ಪ್ಯಾಸೇಜು ಖಾಲಿಯಾಯಿತು. ಆಮೆ ವಾಕರ್ ಹಿಡಿದು ಬಾಗಿಲಿಂದ ಹಿತ್ತಿಲವರೆಗೆ ನಡೆದರು. ಸೂಜಿಯಕ್ಕನ ಲೆಕ್ಕದಲ್ಲಿ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಓಡುವ ಸ್ಥಿತಿಯಲ್ಲಿದ್ದರೆ ಮಾತ್ರ ಎಂದು ವ್ಯಾಪಾರಿ ಹೇಳಿದ್ದ. ಹಾಗಾಗಿ ಸ್ಟಾರ್ಟ್ ಮಾಡಲೇಬೇಕಾಯಿತು.

ಆ ಬೈಕು ಸುಮ್ಮನೆ ಒದ್ದರೆ ಶುರುವಾಗುವಂಥದ್ದಲ್ಲ. ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಜಿನುಗಿಸಬೇಕು, ಹ್ಯಾಂಡಲಿನ ಪುಟ್ಟ ಲಿವರ್ ಎಳೆದು ಸಿಲಿಂಡರಿನಲ್ಲಿ ಸಿಕ್ಕ ಉಸಿರನ್ನು ಬಿಡಿಸಬೇಕು, ಆಮೇಲೆ ಕಿಕ್ಕರನ್ನು ಪೂರ್ತಿ ಕೆಳಕ್ಕೆ ಒದೆಯಬೇಕು. ಸೂಜಿಯಕ್ಕ ಒದ್ದರು. ಬೈಕು ತಿರುಗಿ ಒದೆಯಿತು. ಕಿಕ್ಕರ್ ಚಿಮ್ಮಿ ಮೇಲೆ ಬಂದ ರಭಸಕ್ಕೆ ಅವರು ಮೇಷ್ಟ್ರ ಮೇಲೆ ಬಿದ್ದರು.

ಕಿಟಕಿಯಿಂದ ಆಮೆಯ ದನಿ ಬಂತು: "ಟೈಮಿಂಗ್ ಮುಂದಿದೆ."

ನಾವೆಲ್ಲ ತಿರುಗಿ ನೋಡಿದೆವು. ಬೈಕಿನ ಬಗ್ಗೆ ಅವರು ತಾವಾಗಿ ಆಡಿದ ಮೊದಲ ಮಾತು ಅದು. ನಾದಿನಿಯ ಕಣ್ಣು ತುಂಬಿತು. ಆದರೆ ಆಮೆ ಅಷ್ಟು ಹೇಳಿ ಮುಖ ತಿರುಗಿಸಿಕೊಂಡಾಗಿತ್ತು. ಸೂಜಿಯಕ್ಕನ ಕಾಲು ಕುಂಬಳಕಾಯಿಯಂತೆ ಊದಿದ್ದು ಗೊತ್ತಾದದ್ದು ಸಂಜೆ ಚಪ್ಪಲಿ ಕಾಲಿಂದ ಬಾರದೆ ಇದ್ದಾಗ.

ಅದರ ಮುಂದಿನ ವಾರ ಕಿಡಿಯ ಹೊತ್ತನ್ನು ಸರಿಪಡಿಸಿ ಮತ್ತೆ ಒದ್ದರು. ಬೈಕು ಕೆಮ್ಮಿತು, ಸೀನಿತು, ಆಮೇಲೆ ಹೊತ್ತಿಕೊಂಡಿತು. ದಪ್ಪ ದನಿ, ಒಂದೊಂದು ಬಡಿತವನ್ನೂ ಬೇರೆ ಬೇರೆಯಾಗಿ ಎಣಿಸಬಹುದಾದಂಥದ್ದು. ಅಂಗಳದ ಬಕೆಟ್ಟು ನಡುಗುತ್ತಾ ಸರಿದುಕೊಂಡು ಹೋಯಿತು. ಮೇಷ್ಟ್ರು ಕಿವಿಯ ಪೆನ್ಸಿಲ್ ತೆಗೆದು ಗಾಳಿಯಲ್ಲಿ ಬೀಸಿದರು. ನಾವೆಲ್ಲ ಕಿಟಕಿಯ ಕಡೆ ನೋಡಿದೆವು. ಈಗ ಏನಾದರೂ ಆಗಲೇಬೇಕು ಎಂದು ನಮಗೆಲ್ಲ ಖಾತ್ರಿ ಇತ್ತು.

"ಪೆಟ್ರೋಲ್ ವಾಸನೆ ಬರ್ತಿದೆ. ಕಿಟಕಿ ಹಾಕಿ" ಎಂದರು ಆಮೆ.

ಸೂಜಿಯಕ್ಕ ಇಂಜಿನ್ ಆರಿಸಿ, ಒಳಗೆ ಹೋಗಿ, ಕಿಟಕಿ ಹಾಕಿ ಬಂದರು.

ಹೊಸದಾಗಿ ಜೋಡಿಸಿದ ಇಂಜಿನ್ ಸ್ವಲ್ಪ ದಿನ ಮೆಲ್ಲಗೆ ಓಡಿ ಹದಕ್ಕೆ ಬರಬೇಕು, ಆಮೇಲೆ ಮಾರಬಹುದು ಎಂದು ಮೇಷ್ಟ್ರು ಹೇಳಿದರು. ಓಡಿಸುವವರು ಯಾರು? ಮೇಷ್ಟ್ರಿಗೆ ಮಂಡಿ ನೋವು. ಸೂಜಿಯಕ್ಕ ಅಂಗಡಿಗೆ ಸ್ಕೂಟರಿನಲ್ಲಿ ಬರುವವರು. "ನಾನೇ ಒಂದು ಸುತ್ತು ಹೊಡೆದ್ರೆ ಆಗಲ್ವಾ?" ಎಂದರು. ಗೋಡೌನಿನ ಹಿಂದಿನ ಮೈದಾನದಲ್ಲಿ, ಗಂಡನ ಬೂಟಿನೊಳಗೆ ಬಟ್ಟೆ ತುರುಕಿಕೊಂಡು, ಮೊದಲ ಸಲ ಹತ್ತಿದರು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಿಲ್ಲಿಸಬೇಕಾದಲ್ಲಿ ಗೇರು ಹಾಕಿ, ಗೇರು ಹಾಕಬೇಕಾದಲ್ಲಿ ನಿಲ್ಲಿಸಿ, ಬೇಲಿಗೆ ಹೋಗಿ ಆತುಕೊಂಡರು. ಎದ್ದು ಮತ್ತೆ ಹತ್ತಿದರು.

ಇಂಜಿನ್ ಹದಕ್ಕೆ ಬಂದ ಮೇಲೂ ಅವರು ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ. ಮೇಷ್ಟ್ರು ಇಟ್ಟಿಗೆ ಜೋಡಿಸಿ ಸಂದುಗಳನ್ನು ಮಾಡಿಕೊಡುತ್ತಿದ್ದರು. ಸೂಜಿಯಕ್ಕ ಫುಟ್‌ರೆಸ್ಟಿನ ಮೇಲೆ ನೆಟ್ಟಗೆ ನಿಂತು, ನಡಿಗೆಗಿಂತಲೂ ನಿಧಾನವಾಗಿ, ಅವುಗಳ ನಡುವೆ ಹಾಯಿಸುತ್ತಿದ್ದರು. "ಮುಂದಿನ ಚಕ್ರ ನೋಡಬೇಡಿ. ಚಕ್ರಕ್ಕೆ ದಾರಿ ಗೊತ್ತಿಲ್ಲ. ನೀವು ಹೋಗೋ ಜಾಗ ನೋಡಿ" ಎಂದು ಮೇಷ್ಟ್ರು ಕೂಗುವುದು ಬೇಲಿಯಾಚೆಗೂ ಕೇಳುತ್ತಿತ್ತು.

"ಖುಷಿ ಆಗುತ್ತಾ ಅಕ್ಕ?" ಎಂದು ನಾನು ಒಮ್ಮೆ ಕೇಳಿದೆ.

"ಖುಷಿ ಅಂತೇನೂ ಇಲ್ಲ. ಆ ಸಂದಿನಲ್ಲಿ ಹೋಗ್ತಿರುವಾಗ ಕ್ಲಚ್ ಬಿಟ್ಟು ಬೇರೆ ಏನೂ ಇರಲ್ಲ. ಅಷ್ಟು ಹೊತ್ತು ಯಾರೂ ನನ್ನ ಏನೂ ಕೇಳಲ್ಲ" ಎಂದರು.

ವ್ಯಾಪಾರಿ ಫೋನ್ ಮಾಡಿದರೆ "ಇನ್ನೂ ಹದ ಬಂದಿಲ್ಲ" ಎನ್ನುತ್ತಿದ್ದರು.

ಹೀಗೆ ಒಂದು ದಿನ ಅವರು ಕ್ವಾರಿಗೂ ಇಳಿದರು. ಅಲ್ಲಿನ ಮೊದಲ ಟ್ರಯಲ್ಸಿನಲ್ಲಿ ಅವರಿಗೆ ಸಿಕ್ಕಿದ್ದೆಲ್ಲ ಐದು. ಒಂದು ಕಡೆ ತೊರೆಯಲ್ಲಿ ಬಿದ್ದು ಬೈಕಿನಡಿ ಕಾಲು ಸಿಕ್ಕಿಕೊಂಡು, ಸೊಂಟದವರೆಗೆ ನೀರಿನಲ್ಲಿ ಕೂತಿದ್ದರು. ಎತ್ತಲು ಹೋದ ನಮಗೆ, "ನಿಧಾನ, ಅವಸರ ಇಲ್ಲ" ಎಂದರು. ಎಲ್ಲರಿಗಿಂತ ಕೊನೆಗೆ ಬಂದರು. ಚಪ್ಪಾಳೆ ಬಿತ್ತು. ಅವರಿಗೆ ಅದರಿಂದ ಬೇಸರವೂ ಇಲ್ಲ, ಸಂತೋಷವೂ ಇಲ್ಲ. ಮನೆಗೆ ಬಂದು ಎಂದಿನಂತೆ ಗಂಡನ ಬೆನ್ನು ಒರೆಸಿ, ಬಟ್ಟೆ ಬದಲಾಯಿಸಿದರು. ಎಲ್ಲಿ ಹೋಗಿದ್ದೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಆ ದಿನಗಳಲ್ಲಿ ಅವರಿಬ್ಬರ ಮಾತುಕತೆ ಎಂದರೆ ಮಾತ್ರೆ ಆಯ್ತಾ, ನೀರು ಬೇಕಾ, ದೀಪ ಆರಿಸಲಾ ಇಷ್ಟೇ. ಆಸ್ಪತ್ರೆಯ ಸಿಬ್ಬಂದಿಯೂ ರೋಗಿಯೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಹಾಗಿತ್ತು.

ಮುಂದೆ ಕೆಲವು ಟ್ರಯಲ್ಸ್ ಕಳೆದು, ಸೂಜಿಯಕ್ಕನಿಗೆ ಐದರ ಜೊತೆಗೆ ಮೂರು, ಎರಡು ಸಿಗತೊಡಗಿದ ಮೇಲೆ ಒಂದು ಭಾನುವಾರ ನಾದಿನಿ ಊರಲ್ಲಿರಲಿಲ್ಲ. ಗಂಡನನ್ನು ಒಬ್ಬರನ್ನೇ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಮೇಷ್ಟ್ರ ವ್ಯಾನಿನಲ್ಲಿ ಆಮೆಯನ್ನೂ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಹಾಕಿಕೊಂಡು ಕ್ವಾರಿಗೆ ಹೋದೆವು. ಬೇಡ ಎನ್ನುವುದಕ್ಕೂ ಆಮೆಗೆ ಮನಸ್ಸಿರಲಿಲ್ಲ, ಬಂದರು. ಅವತ್ತೇ ಅಂಕ ಹಾಕುವವರೊಬ್ಬರು ಕೈಕೊಟ್ಟಿದ್ದರು. ಮೇಷ್ಟ್ರು ಹಿಂದೆಮುಂದೆ ನೋಡದೆ ಆಮೆಯ ಕೈಗೆ, ಸವಾರರ ಅಂಕದ ಕಾರ್ಡಿಗೆ ತೂತು ಒತ್ತುವ ಇಕ್ಕಳ ಕೊಟ್ಟರು.

"ಬಲಗೈ ನೆಟ್ಟಗಿದೆಯಲ್ಲ? ಕೂತ್ಕೊಂಡು ಒತ್ತು."

ಆಮೆ ಅದನ್ನು ತಿರುಗಿಸಿ ನೋಡಿದರು. "ಕುರ್ಚಿ ಆ ಕಡೆ ತಿರುಗಿಸಿ" ಎಂದರು. ತಿರುಗಿಸಿದೆವು. "ಇನ್ನೂ ಸ್ವಲ್ಪ." ಇನ್ನೂ ಸ್ವಲ್ಪ ತಿರುಗಿಸಿದೆವು.

ಅವರಿಗೆ ಸಿಕ್ಕಿದ್ದು ಕೊನೆಯ ಸೆಕ್ಷನ್. ತೊರೆಯಿಂದ ಹತ್ತಿ, ದೊಡ್ಡ ಬಂಡೆಯೊಂದನ್ನು ಸುತ್ತಿ, ಸಡಿಲ ಕಲ್ಲುಗಳ ಏರಿನಲ್ಲಿ ಮೇಲೆ ಬರಬೇಕು. ಬಂದವರಿಗೆಲ್ಲ ಆಮೆ ತಪ್ಪದೆ ಅಂಕ ಒತ್ತಿದರು, ಮುಖ ಮಾತ್ರ ಮಣ್ಣಿನ ಗೋಡೆ. ಸೂಜಿಯಕ್ಕ ಅಲ್ಲಿಗೆ ಬಂದಾಗ ಬಿಸಿಲು ಇಳಿದಿತ್ತು. ಅವರು ನೀರಿಗೆ ಇಳಿದರು. ಇಂಜಿನ್ ಬಡಿತ ಒಂದೊಂದಾಗಿ, ಈಗ ನಿಂತಿತು ಈಗ ನಿಂತಿತು ಅನ್ನುವಷ್ಟು ನಿಧಾನ. ಬಂಡೆಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು, ಬೈಕು ವಾಲಿತು, ಅವರು ಸೊಂಟ ತಿರುಗಿಸಿ ಅದನ್ನು ನೆಟ್ಟಗೆ ಮಾಡಿ, ಕಲ್ಲು ಸಿಡಿಸುತ್ತಾ ಮೇಲೆ ಬಂದುಬಿಟ್ಟರು. ನಾನು ಕೂಗಿಬಿಟ್ಟೆ. ಅದು ಅವರ ಮೊದಲ ಸೊನ್ನೆ ಆಗುವುದರಲ್ಲಿತ್ತು.

ಆಮೆ ಇಕ್ಕಳ ಒತ್ತಿದರು. ಒಂದು.

"ಇದೇನ್ರೀ?" ಎಂದರು ಸೂಜಿಯಕ್ಕ ಕಾರ್ಡು ನೋಡಿ.

"ಕಾಲು ತಾಗ್ತು."

"ಎಲ್ಲಿ ತಾಗ್ತು?"

"ಬಂಡೆ ಹತ್ರ. ಎಡಗಾಲು."

"ತಾಗಿಲ್ಲ."

"ತಾಗ್ತು."

"ಅಲ್ರೀ, ಕಾಲು ನಂದೋ ನಿಮ್ದೋ?"

"ಕಾಲು ನಿಂದು. ಅಂಕ ನಂದು."

ಮೇಷ್ಟ್ರು ನಡುವೆ ಬರಲು ನೋಡಿದರು. ಸೂಜಿಯಕ್ಕ ಹೆಲ್ಮೆಟ್ ಕಿತ್ತು ನೆಲಕ್ಕೆ ಎಸೆದರು. ಅವರ ಕತ್ತಿನ ನರ ಉಬ್ಬಿದ್ದನ್ನು ನಾನು ನೋಡಿದ್ದು ಎಷ್ಟೋ ಕಾಲದ ಮೇಲೆ.

"ನಿನಗೆ ಎಡಗಡೆ ನೆಟ್ಟಗೆ ಕಾಣೋದೇ ಇಲ್ಲ!" ಎಂದು ಕಿರುಚಿದರು. "ತಟ್ಟೇಲಿ ಎಡಗಡೆ ಅನ್ನ ಹಾಗೇ ಬಿಟ್ಟು ಏಳ್ತೀಯ. ಅದು ಕಾಣಲ್ಲ, ನನ್ನ ಕಾಲು ಕಾಣ್ತಾ ನಿನಗೆ?"

ಗಂಡನನ್ನು 'ನೀವು' ಎಂದಲ್ಲದೆ ಬೇರೆ ಕರೆಯದ ಹೆಂಗಸು, ಎಲ್ಲರೆದುರು ಏಕವಚನಕ್ಕೆ ಇಳಿದಿದ್ದರು. ಯಾರೂ ಆಡಬಾರದ ಮಾತು ಅದು. ಆಮೆಯ ಮುಖ ಕೆಂಪಾಯಿತು, ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ.

"ಕಾಣಲ್ಲ" ಎಂದರು ತೊದಲುತ್ತಾ. "ಗೊತ್ತು ನಂಗೆ ಕಾಣಲ್ಲ ಅಂತ. ಅದಕ್ಕೇ ಕುರ್ಚಿ ತಿರುಗಿಸಿ ಅಂದೆ. ಬಲಗಡೆಯಿಂದ ನೋಡ್ದೆ. ತಾಗ್ತು. ಒಂದು ಅಂದ್ರೆ ಒಂದು."

"ನನ್ನ ಕಾಲು ಕುಂಬಳಕಾಯಿ ಆದಾಗ ಕಾಣ್ಲಿಲ್ಲ?"

"ಕಂಡಿತ್ತು!"

"ಮತ್ತೆ ಬಾಯಲ್ಲೇನಿತ್ತು?"

"ನಾನೇನ್ ಎದ್ದು ಬಂದು ಎತ್ಬೇಕಿತ್ತಾ ನಿನ್ನ? ಎತ್ತಕ್ಕಾಗುತ್ತಾ ನನಗೆ?" ಎಂದು ಆಮೆ ಇಕ್ಕಳವನ್ನು ಕಲ್ಲಿಗೆ ಕುಕ್ಕಿದರು. "ನನ್ನ ಬೈಕು, ನನ್ನ ಬೂಟು. ಒಂದು ಮಾತು ಕೇಳಿದ್ಯಾ ನೀನು, ಹತ್ತಲಾ ಅಂತ?"

"ಮಾರಿಬಿಡು ಅಂದೋರು ಯಾರು?"

"ಅಂದೆ! ಅಂದ್ರೆ?"

ಸೂಜಿಯಕ್ಕ ದೂರ ಹೋಗಿ ಒಂದು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತರು. ಅಳುತ್ತಿದ್ದಾರೇನೋ ಎಂದು ನಾನು ಹತ್ತಿರ ಹೋಗಿ ನೋಡಿದೆ. ಅಳುತ್ತಿರಲಿಲ್ಲ. "ಹೋಗಿ ಫ್ರೇಮಣ್ಣ, ಸ್ವಲ್ಪ ಹೊತ್ತು ಯಾರೂ ಮಾತಾಡಿಸಬೇಡಿ" ಎಂದರು.

ವ್ಯಾನ್ ಹತ್ತುವಾಗ ಅವರು ಗಂಡನ ತೋಳು ಹಿಡಿಯಲಿಲ್ಲ. ಆಮೆಯೂ ಕೈ ಚಾಚಲಿಲ್ಲ. ಬಾಗಿಲ ಹಿಡಿ ಹಿಡಿದು, ಎಡಗಾಲನ್ನು ಬಲಗೈಯಿಂದಲೇ ಎತ್ತಿ ಒಳಗಿಟ್ಟು, ಬೆವರು ಸುರಿಸಿಕೊಂಡು ತಾವೇ ಹತ್ತಿದರು. ಮೇಷ್ಟ್ರೂ ನಾನೂ ಬೇರೆ ಕಡೆ ನೋಡುತ್ತಿದ್ದೆವು.

ಸೋಮವಾರ ಸೂಜಿಯಕ್ಕನ ಗಂಟಲು ಕಟ್ಟಿತ್ತು. ಗಿರಾಕಿಗಳಿಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟರು. ಮಧ್ಯಾಹ್ನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಿಸುದನಿಯಲ್ಲಿ ಹೇಳಿದರು: "ತಾಗಿತ್ತೋ ಇಲ್ವೋ ನಂಗೆ ನಿಜವಾಗ್ಲೂ ಗೊತ್ತಿಲ್ಲ. ಆ ಬೂಟಿನಲ್ಲಿ ಏನೂ ತಿಳಿಯಲ್ಲ. ಆದ್ರೆ ಅಷ್ಟು ಸಿಟ್ಟು ಎಲ್ಲಿತ್ತು ಅಂತ ಗಾಬರಿ ಆಯ್ತು."

ಮನೆಯಲ್ಲಿ ಒಂದು ವಾರ ಮಾತಿರಲಿಲ್ಲ. ನಾದಿನಿ ಬಂದು, "ಏನಾಯ್ತು ಅತ್ತಿಗೆ, ಇಬ್ರೂ ಮುಖ ಊದಿಸ್ಕೊಂಡಿದೀರಿ?" ಎಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರಂತೆ. ಕೊನೆಗೆ ಆಮೆಯೇ ಬಾಯಿ ಬಿಟ್ಟರು. "ಹಿಂದಿನ ಬ್ರೇಕ್ ಕಿರುಗುಟ್ತಿದೆ. ನೋಡ್ಕೋ."

"ಗೊತ್ತು" ಎಂದರು ಸೂಜಿಯಕ್ಕ.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಮೆಯ ಎಡಗೈಗೆ ಇವತ್ತಿಗೂ ಬಿಸಿ ತಂಪು ತಿಳಿಯುವುದಿಲ್ಲ. ಕಿಟಕಿ ಪಕ್ಕದಲ್ಲಿ ದಿನಗಟ್ಟ‍ಲೆ ಸುಮ್ಮನೆ ಕೂರುವುದು ಇದ್ದೇ ಇದೆ. ಸೂಜಿಯಕ್ಕ ಅಳಲಿಲ್ಲ, ಅತ್ಬಿಡಿ ಎನ್ನುವುದನ್ನು ನಾದಿನಿಯೂ ಬಿಟ್ಟಿದ್ದಾರೆ. ಆದರೆ ಗಿರಾಕಿಗಳಿಗೆ ಬೈಗುಳ ಮತ್ತೆ ಶುರುವಾಗಿದೆ. ಬೈಕನ್ನು ಮಾರಲಿಲ್ಲ, ವ್ಯಾಪಾರಿ ಬೇಸತ್ತು ಫೋನ್ ಮಾಡುವುದನ್ನು ನಿಲ್ಲಿಸಿದ.

ಆಮೆ ಈಗ ಕ್ವಾರಿಯಲ್ಲಿ ಕಾಯಂ ಅಂಕ ಹಾಕುವವರು. ಅವರ ಸೆಕ್ಷನ್ ಎಂದರೆ ಕ್ಲಬ್ಬಿನ ಹಿರಿಯರೂ ನಡುಗುತ್ತಾರೆ. ಗಂಡ ಹೆಂಡಿರ ಕೂಗಾಟ ಪ್ರತಿ ಸಲವೂ ಇದ್ದದ್ದೇ ಆದಾಗ, ಮನೆಯವರ ಅಂಕವನ್ನು ಮನೆಯವರು ಹಾಕಬಾರದು ಎಂಬ ನಿಯಮ ತರಲು ಮೇಷ್ಟ್ರು ಸಭೆ ಕರೆದರು. ಎಲ್ಲರೂ ಕೈ ಎತ್ತಿದರು, ಇಬ್ಬರನ್ನು ಬಿಟ್ಟು.

"ಬೇಡ ಮೇಷ್ಟ್ರೇ" ಎಂದರು ಸೂಜಿಯಕ್ಕ. "ಬೇರೆಯವರು ಪಾಪ ಅಂತ ಸೊನ್ನೆ ಕೊಟ್ಬಿಡ್ತಾರೆ. ಇವರೇ ಹಾಕಲಿ."

ಆಮೆ ತಲೆ ಎತ್ತದೆ, "ಕಾಲು ಮೇಲಿಟ್ಕೊಂಡು ಬರಕ್ಕೆ ಹೇಳಿ ಅವಳಿಗೆ" ಎಂದರು.